ಮಾತ್ರೆಯ ಬಾಲ

“ಕತ್ತರಿ ಹಿಡಿಯೋಕೂ ಬರಲ್ವೇನೇ ಮುಂಡೇದೆ? ಮಾತ್ರೆ ಪುಡಿಯಾದ್ರೆ ನಿಮ್ಮಪ್ಪ ಬಂದು ಅಂಟಿಸ್ತಾನಾ?”

ಔಷಧದಂಗಡಿಯ ಯಜಮಾನ ಹೀಗೆ ಕೇಳಿದಾಗ ಕುಳ್ಳಿ ತಲೆಯೆತ್ತಲಿಲ್ಲ. ಅವಳಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು. ಅಂಟಿಸಲು ಬರುವ ಸಂಭವವಿರಲಿಲ್ಲ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಕಾಲು ಮಡಚಿ ಕೂತು ಅವಳು ಮಾತ್ರೆಯ ಪಟ್ಟಿಗಳ ಬಾಲ ಕತ್ತರಿಸುತ್ತಿದ್ದಳು.

ಬಾಲವೆಂದರೆ ಪಟ್ಟಿಯ ಒಂದು ತುದಿ. ಔಷಧ ಎಂದಿನವರೆಗೆ ಬದುಕಿರುತ್ತದೆ ಎಂಬ ತಾರೀಖನ್ನು ಬೆಳ್ಳಿ ಹಾಳೆಯ ಮೇಲೆ ಒತ್ತಿರುವುದು ಅಲ್ಲೇ. ಯಾರಾದರೂ ಎರಡೇ ಮಾತ್ರೆ ಕೇಳಿದರೆ ಇನ್ನೊಂದು ತುದಿಯಿಂದ ಕತ್ತರಿಸಿ ಕೊಡಬೇಕು, ಬಾಲ ಕೊನೆಯವರೆಗೂ ಉಳಿಯಬೇಕು. ಒಂಬತ್ತು ವರ್ಷದ ಹಿಂದೆ ಕಸ ಗುಡಿಸಲು ಬಂದವಳಿಗೆ ಈ ಅಂಗಡಿ ಕಲಿಸಿದ ಮೊದಲ ಪಾಠ ಇದು. ಈಗ ಅದೇ ಕತ್ತರಿ ಬಾಲದಿಂದಲೇ ಶುರುವಾಗಿತ್ತು.

ಮೂರು ಪೆಟ್ಟಿಗೆ ಮಾತ್ರೆಗಳ ಅವಧಿ ಮುಗಿದು ಏಳು ತಿಂಗಳಾಗಿತ್ತು. ನಿಯಮದ ಪ್ರಕಾರ ಅವನ್ನು ಬೇರೆ ಇಟ್ಟು, ದಾಸ್ತಾನು ಪುಸ್ತಕದಲ್ಲಿ ಬರೆದು, ಕಂಪನಿಗೆ ವಾಪಸು ಕಳಿಸಬೇಕು, ಇಲ್ಲವೇ ಸುಡುವವರಿಗೆ ಒಪ್ಪಿಸಬೇಕು. ಯಜಮಾನನಿಗೆ ಅದಕ್ಕಿಂತ ಹಸನಾದ ದಾರಿ ಹೊಳೆದಿತ್ತು: ಭಾನುವಾರ ಹಿಂದಿನ ಬೀದಿಯವರಿಗೆ ಉಚಿತ ಔಷಧ ವಿತರಣೆ. ಪಡೆದವರೆಲ್ಲ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಬೇಕು. ಕಸಕ್ಕೆ ಕಸ ಹೋಯಿತು, ಹೆಸರಿಗೆ ಹೆಸರು ಬಂತು.

ಹಿಂದಿನ ಬೀದಿ ಎಂದರೆ ಮೂಟೆ ಹೊರುವವರು, ಪಾತ್ರೆ ತಿಕ್ಕುವವರು, ಮೋರಿ ಬಾಚುವವರು. ಅವರು ಅಂಗಡಿಯ ಮುಂಬಾಗಿಲಿಗೆ ಬರುವಂತಿರಲಿಲ್ಲ. ಗೋದಾಮಿನ ಕಿಂಡಿಯಲ್ಲಿ ಕೈ ಚಾಚಬೇಕು. ಕುಳ್ಳಿಯ ಮನೆಯೂ ಅದೇ ಬೀದಿಯಲ್ಲಿತ್ತು. ಹೀಗಾಗಿ ಅವಳು, ತಾರೀಖು ಸತ್ತ ಮಾತ್ರೆ ಜನಕ್ಕೆ ಕೊಡಬಹುದೇ ಎಂದು ಮೆಲ್ಲಗೆ ಕೇಳಿದ್ದಳು.

“ಸತ್ತಿರೋದು ತಾರೀಖು ಕಣೇ, ಮಾತ್ರೆಯಲ್ಲ,” ಎಂದಿದ್ದ ಯಜಮಾನ. “ನಿಮ್ ಬೀದಿಯೋರ ಹೊಟ್ಟೆಗೆ ತಾರೀಖು ಓದೋಕೆ ಬರುತ್ತಾ?”

ಅವಳು ಸುಮ್ಮನಾದದ್ದಕ್ಕೆ ಕಾರಣ ಅವಳ ಚೀಲದಲ್ಲಿದ್ದ ನೀಲಿ ಪುಸ್ತಕ. ಔಷಧ ಸಹಾಯಕರ ಪರೀಕ್ಷೆಗೆ ಕೂರಲು ಎರಡು ಸಾವಿರ ಗಂಟೆ ಕೆಲಸ ಮಾಡಿರಬೇಕು; ಪ್ರತಿ ಪುಟದ ಕೊನೆಯಲ್ಲಿ ‘ಮೇಲ್ವಿಚಾರಕರ ಸಹಿ’ ಎಂಬ ಖಾಲಿ ಜಾಗ. ಗಂಟೆಗಳು ಎಂದೋ ತುಂಬಿದ್ದವು. ಸಹಿ ಮಾತ್ರ ನಾಳೆ, ನಾಡಿದ್ದು ಎಂದು ಎರಡು ವರ್ಷದಿಂದ ಮುಂದೆ ಹೋಗುತ್ತಲೇ ಬಂದಿತ್ತು. ಅರ್ಜಿಗೆ ಸೋಮವಾರ ಕೊನೆಯ ದಿನ. ಭಾನುವಾರದ ಕೆಲಸ ಮುಗಿಯಲಿ, ಅಲ್ಲೇ ಎಲ್ಲ ಪುಟಕ್ಕೂ ಒಟ್ಟಿಗೆ ಗೀಚಿಬಿಡುತ್ತೇನೆ ಎಂದು ಯಜಮಾನ ಮಾತು ಕೊಟ್ಟಿದ್ದ.

ಅವಳ ಕೆಲಸ ಎಂಥದೆಂದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಡಾಕ್ಟರ ಕಾಗೆಕಾಲು ಬರಹ ಓದಲಾಗದಿದ್ದಾಗ ಅವನು ಚೀಟಿ ಹಿಡಿದು ಒಳಗೆ ಬರುತ್ತಿದ್ದ. ಅವಳು ಔಷಧದ ಹೆಸರು ಹೇಳುತ್ತಿದ್ದಳು. ಅವನು ಹೊರಗೆ ಹೋಗಿ ಅದನ್ನೇ ಗಂಟಲು ಸರಿಮಾಡಿಕೊಂಡು ಹೇಳುತ್ತಿದ್ದ. ಇಬ್ಬರ ನಡುವೆ ಇದರ ಬಗ್ಗೆ ಒಂದು ಮಾತೂ ಎಂದೂ ಆಗಿರಲಿಲ್ಲ. ಔಷಧದ ಫ್ರಿಜ್ಜಿನಲ್ಲಿ ಅವನ ಊಟದ ಡಬ್ಬಿ, ನಿನ್ನೆಯ ಸಾರು, ಅರ್ಧ ಕಲ್ಲಂಗಡಿ ಇರುತ್ತಿದ್ದವು. ಕರೆಂಟು ಹೋದ ದಿನವೂ ಅದರ ತಾಪಮಾನದ ಹಾಳೆಯಲ್ಲಿ ‘ನಾಲ್ಕು ಡಿಗ್ರಿ’ ಎಂದೇ ಬರೆಸುತ್ತಿದ್ದ. ವರ್ಷಕ್ಕೊಮ್ಮೆ ಬರುವ ಔಷಧ ಇನ್ಸ್‌ಪೆಕ್ಟರು ಆ ನಾಲ್ಕುಗಳನ್ನು ಮೆಚ್ಚಿ, ಅದೇ ಕಲ್ಲಂಗಡಿ ತಿಂದು ಹೋಗುತ್ತಿದ್ದ.

ಅವಳ ಪಾಠವನ್ನು ನಿಜವಾಗಿ ಕೇಳಿಸಿಕೊಂಡವಳು ಅವ್ವ. ಕೆಲಸಕ್ಕೆ ಹೊರಡುವ ಮುಂಚೆ ಮಗಳು ಗಟ್ಟಿಯಾಗಿ ಓದುತ್ತಿದ್ದರೆ ಅವ್ವ ಹರಕು ಚೀಲ ಹೊಲಿಯುತ್ತ ಕೂರುತ್ತಿದ್ದಳು. ಅಕ್ಷರ ಬಾರದ ಅವಳಿಗೆ ಪಾಠವೆಲ್ಲ ಬಾಯಿಪಾಠ. ಔಷಧದ ಹೆಸರು, ಪ್ರಮಾಣ, ತಾರೀಖು: ತೆಗೆಯುವಾಗ ಒಂದು ಓದು, ಎಣಿಸುವಾಗ ಒಂದು ಓದು, ಕೊಡುವಾಗ ಒಂದು ಓದು. ತರಕಾರಿಯವನಿಗೂ ಈ ನಿಯಮ ಹಾಕಿ, ನಿಂಬೆಹಣ್ಣನ್ನು ಮೂರು ಸಲ ಎಣಿಸಿ ಕೊಡು ಎಂದು ಅವನ ಪ್ರಾಣ ಹಿಂಡುತ್ತಿದ್ದಳು.

ಭಾನುವಾರ ಬೆಳಿಗ್ಗೆ ಅಂಗಡಿಯ ಮುಂದೆ ಬಟ್ಟೆಯ ನೆರಳು ಕಟ್ಟಿದರು. ಮೇಜು, ಮೈಕು, ಹೂಗುಚ್ಛ, ನೇರಳೆ ಶಾಯಿಯ ಪ್ಯಾಡು, ಪುಸ್ತಕ. ಮುಖ್ಯ ಅತಿಥಿಯಾಗಿ ಇನ್ಸ್‌ಪೆಕ್ಟರೇ ಬಂದಿದ್ದ. ಹಿಂದಿನ ಬೀದಿಯವರು ಮುಂಬಾಗಿಲ ಎದುರು ನಿಂತಿದ್ದು ಅದೇ ಮೊದಲು; ಸಾಲು ತಿರುವಿನಾಚೆಗೂ ಬೆಳೆದಿತ್ತು. ಬಡವರ ಆರೋಗ್ಯದ ಬಗ್ಗೆ ಯಜಮಾನ ಬೆವರು ಒರೆಸಿಕೊಳ್ಳುತ್ತ ಮಾತಾಡಿದ. ತನ್ನ ಕೆಲಸದವಳ ತಾಯಿಯಿಂದಲೇ ಶುರುವಾಗಲಿ, ಫೋಟೋ ತೆಗೆಯಿರಿ ಎಂದ.

ಒಗೆದ ಬಟ್ಟೆಯುಟ್ಟು ಅವ್ವ ಬಂದಳು. ಹೆಬ್ಬೆಟ್ಟನ್ನು ಮೊದಲೇ ಎತ್ತಿ ಹಿಡಿದಿದ್ದಳು. ಕುಳ್ಳಿ ರಕ್ತದೊತ್ತಡದ ಮಾತ್ರೆಯ ಪಟ್ಟಿ ಚಾಚಿದಳು. ಪ್ಯಾಡಿನ ತನಕ ಹೋದ ಹೆಬ್ಬೆಟ್ಟು ಅಲ್ಲೇ ನಿಂತಿತು.

“ಮೂರನೇದು ಓದ್ಲಿಲ್ವಲ್ಲೇ ನೀನು.”

ಸಾಲಿನಲ್ಲಿ ನಗೆ ಎದ್ದಿತು. ಯಜಮಾನನೂ ಹೊಟ್ಟೆ ಕುಲುಕಿಸಿ ನಕ್ಕು, ತಾನೇ ಮೈಕನ್ನು ಕುಳ್ಳಿಯ ಬಾಯಿಗೆ ಹಿಡಿದ.

“ಓದಮ್ಮ. ನಮ್ಮಂಗಡೀಲಿ ಎಷ್ಟು ಶಿಸ್ತು ಅಂತ ಸಾಹೇಬ್ರಿಗೂ ಗೊತ್ತಾಗ್ಲಿ.”

ಅವಳು ಹೆಸರು ಓದಿದಳು. ಎಷ್ಟು ಮಿಲಿಗ್ರಾಂ ಎಂದು ಓದಿದಳು. ಮುಂದಿನದಕ್ಕೆ ಬೆರಳು ತಾನಾಗಿ ಸರಿದು, ಕತ್ತರಿಸಿದ ಅಂಚಿನ ಚೂಪಿಗೆ ತಾಗಿತು. ಮೈಕಿನಲ್ಲಿ ಉಸಿರು ಮಾತ್ರ ಕೇಳುತ್ತಿತ್ತು. ಇಂಥ ಮೌನ ಅವಳಿಗೆ ಹೊಸದಲ್ಲ. ಒಂಬತ್ತು ವರ್ಷ ಅದರಲ್ಲೇ ವಾಸವಾಗಿದ್ದಳು. ಇವತ್ತು ಅದು ಇಡೀ ಬೀದಿಗೆ ಕೇಳಿಸುತ್ತಿತ್ತು, ಅಷ್ಟೇ. ಅವ್ವ ಕಾಯುತ್ತಿದ್ದಳು.

“ತಾರೀಖು ಇಲ್ಲವ್ವ,” ಎಂದಳು ಕುಳ್ಳಿ. “ನಿನ್ನೆ ನಾನೇ ಕತ್ತರಿಸ್ದೆ. ಯಜಮಾನ್ರು ಹೇಳಿದ್ರು.”

ಚೀಲದಿಂದ ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ಮೇಜಿನ ಮೇಲೆ ಸುರಿದಳು. ಕತ್ತರಿಸಿದ ಬಾಲಗಳೆಲ್ಲ ಅಲ್ಲಿದ್ದವು, ಔಷಧದ ಹೆಸರಿನ ಪ್ರಕಾರ ವಿಂಗಡಿಸಿ, ರಬ್ಬರು ಹಾಕಿ. ಯಾಕೆ ಎತ್ತಿಟ್ಟೆ ಎಂದರೆ ಅವಳಿಗೂ ಹೇಳಲು ಬರುತ್ತಿರಲಿಲ್ಲ; ಲೆಕ್ಕಕ್ಕೆ ಬರದೆ ಚೂರೂ ಹೊರಗೆ ಹೋಗಬಾರದೆಂದು ಕೈಗೇ ರೂಢಿಯಾಗಿತ್ತು. ಒಂದೊಂದೇ ಹಿಡಿದು ನೋಡಿ, ಅವ್ವನ ಪಟ್ಟಿಗೆ ಸರಿಯಾಗಿ ಕೂರುವ ಬಾಲ ಹುಡುಕಿ, ಎರಡನ್ನೂ ಸೇರಿಸಿ, ಮೂರನೇ ಓದು ಮುಗಿಸಿದಳು. ಏಳು ತಿಂಗಳ ಹಿಂದೆ ತೀರಿದ ತಾರೀಖು.

ಇನ್ಸ್‌ಪೆಕ್ಟರು ಹೂಗುಚ್ಛದ ಎಲೆ ಎಣಿಸತೊಡಗಿದ. ಯಜಮಾನ ಮೈಕು ಕಿತ್ತುಕೊಂಡು ಹಲ್ಲು ಕಚ್ಚಿ ಪಿಸುಗುಟ್ಟಿದ:

“ಸಹಿ ಮರೆತ್ಬಿಡು ಲೌಡಿ. ಎರಡು ಸಾವಿರ ಗಂಟೆ ಮೋರಿಗೆ ಹೋಯ್ತು ಅಂದ್ಕೋ.”

ಬೀದಿಯ ಎರಡೂ ತುದಿಗೆ ಅದು ಸ್ಪಷ್ಟವಾಗಿ ಕೇಳಿಸಿತು.

“ಮೈಕು ಹಿಡ್ಕೊಂಡೇ ಗುಟ್ಟು ಹೇಳ್ತಾನಲ್ಲ ನನ್ಮಗ,” ಎಂದ, ಸಾಲಿನಲ್ಲಿ ಎರಡನೆಯವನಾಗಿದ್ದ ಮೋರಿಮಾವ. ಬೀದಿಯ ಮೋರಿ ಬಾಚುವವನು ಅವನೇ. ಗಂಟೆಗಳು ಅಲ್ಲಿಗೆ ಬಂದರೆ ತಾನೇ ಎತ್ತಬೇಕಲ್ಲ ಎಂದು ಗೊಣಗಿದ. ಆಮೇಲೆ ಮೇಜಿನ ಮೇಲಿಂದ ಒಂದು ಪಟ್ಟಿ ಎತ್ತಿ ಇನ್ಸ್‌ಪೆಕ್ಟರ ಮಡಿಲಿಗಿಟ್ಟು, ಇದನ್ನು ನೀವು ಓದಿ ಎಂದ. ಹಿಂದಿನವನೂ ಒಂದಿಟ್ಟ. ದೂರು ಬರೆದು, ಕೆಲಸದ ದಿನ ಕಚೇರಿಗೆ ತರಬೇಕು ಎಂದು ಇನ್ಸ್‌ಪೆಕ್ಟರು ಹೇಳುತ್ತಿದ್ದಂತೆಯೇ ಮಡಿಲು ತುಂಬಿತು. ಎದ್ದರೆ ಎಲ್ಲ ಚೆಲ್ಲುತ್ತದೆಂದು ಕೂತೇ ಇದ್ದ.

ಅವ್ವ ಮಗಳ ಚೀಲಕ್ಕೆ ಕೈ ಹಾಕಿ ನೀಲಿ ಪುಸ್ತಕ ಎಳೆದಳು. ಸಹಿ ಎಲ್ಲಿ ಹಾಕಬೇಕು ಎಂದಳು. ಇದಕ್ಕೆ ಹೆಬ್ಬೆಟ್ಟು ನಡೆಯುವುದಿಲ್ಲ, ಮೇಲ್ವಿಚಾರಕರದೇ ಆಗಬೇಕು, ನಾಳೆ ಅರ್ಜಿ ಕಚೇರಿಯಲ್ಲಿ ಹರಿದು ಬಿಸಾಕುತ್ತಾರೆ ಎಂದು ಕುಳ್ಳಿ ಹೇಳಿದಳು.

“ದಿನಾ ಬೆಳಿಗ್ಗೆ ನಿನ್ ಪಾಠ ಕೇಳಿದ್ದು ಯಾರೇ? ಇವನಾ?” ಅವ್ವ ಪ್ಯಾಡಿಗೆ ಹೆಬ್ಬೆಟ್ಟು ಅದ್ದಿ, ಮೊದಲ ಪುಟದ ಖಾಲಿ ಜಾಗದಲ್ಲಿ ಒತ್ತಿದಳು. “ಹಾಗಿದ್ರೆ ಮೇಲ್ವಿಚಾರಣೆ ಮಾಡಿದ್ದು ನಾನೇ.”

ಎರಡನೇ ಪುಟಕ್ಕೆ ಮೋರಿಮಾವ ಒತ್ತಿದ. ಮೂರನೇದಕ್ಕೆ ಪಾತ್ರೆ ತಿಕ್ಕುವ ಚಿಕ್ಕಮ್ಮ. ಅವಳ ಬೆರಳಿನ ಗೆರೆಗಳೆಲ್ಲ ಸವೆದು ಬರೀ ನೇರಳೆ ಚುಕ್ಕೆ ಬಿತ್ತು. ಯಜಮಾನನ ಪುಸ್ತಕ ಪಕ್ಕದಲ್ಲೇ ಬೆಳ್ಳಗೆ ಬಿದ್ದಿತ್ತು. ಅವನು ಅಂಗಡಿಯ ಅರ್ಧ ಬಾಗಿಲು ಎಳೆದುಕೊಂಡು ಯಾರಿಗೋ ಫೋನು ಹಚ್ಚಿದ್ದ.

ಕುಳ್ಳಿ ಪುಟ ಹಿಡಿದು ನಿಂತಿದ್ದಳು. ಇದು ನಡೆಯುವುದಿಲ್ಲ ಎಂದು ಇಡೀ ಸಾಲಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಪ್ಯಾಡು ಒಣಗಿದಾಗ ಮೋರಿಮಾವ ಇನ್ಸ್‌ಪೆಕ್ಟರ ನೀರಿನ ಬಾಟಲಿ ತೆಗೆದು ನಾಲ್ಕು ಹನಿ ಚಿಮುಕಿಸಿದ. ಅವಳು ಪುಟ ತಿರುಗಿಸಿದಳು. ಮುಂಬಾಗಿಲ ಕೌಂಟರಿನಲ್ಲಿ ನಿಂತು ಹೇಳಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡಿದ್ದ ಮಾತು ಬಾಯಿಗೆ ಬಂತು.

“ಮುಂದಿನವ್ರು ಬನ್ನಿ.”