ಮೆರವಣಿಗೆಗೆ ಹೊರಟ ಕಪ್ಪು ರಿಬ್ಬನ್

ನಾನು ಒಂದು ಕಪ್ಪು ರಿಬ್ಬನ್. ಹುಟ್ಟಿದ್ದು ಗಿರಣಿಯ ಗದ್ದಲದಲ್ಲಿ. ಬೆಳಕು ಕಂಡದ್ದು ಮೈಸೂರಿನ ಒಂದು ಬಳೆ ಅಂಗಡಿಯಲ್ಲಿ. ಗುರುಸಿದ್ದಮ್ಮ ನನ್ನನ್ನು ಬೆರಳಿಗೆ ಸುತ್ತಿ ನೋಡಿ, "ಜಾರಾಕಿಲ್ಲ, ಚೆಂದಾಗದೆ" ಎಂದು ಮಗಳು ನೀಲುವಿಗಾಗಿ ಕೊಂಡಳು. ಅಲ್ಲಿಂದ ದಿನವೂ ಕೊಬ್ಬರಿ ಎಣ್ಣೆಯ ವಾಸನೆ, ಸಿಕ್ಕು ಬಿಡಿಸುವಾಗ ನೀಲುವಿನ ಚೀರಾಟ, ಆಮೇಲೆ ಎರಡು ಜಡೆ.

ಅಂದು ಬೆಳಿಗ್ಗೆಯೂ ಹಾಗೇ. ನನ್ನ ಜೊತೆಯದು ಆಗಲೇ ಎಡಗಡೆಯ ಜಡೆ ಏರಿತ್ತು. ನಾನು ಗುರುಸಿದ್ದಮ್ಮನ ಹಲ್ಲುಗಳ ನಡುವೆ ಕಾಯುತ್ತಿದ್ದೆ. ಬ್ಯಾಂಡಿನ ಲೂಯಿಸ್ ಮೇಷ್ಟ್ರು ಬಾಗಿಲಲ್ಲಿ ಬಂದು ನಿಂತರು. "ಬನ್ನಿ ಮೇಷ್ಟ್ರೇ" ಎನ್ನಲು ಅವಳು ಬಾಯಿ ತೆರೆದಳು. ನಾನು ನೆಲಕ್ಕೆ ಬಿದ್ದೆ.

ಅವಳ ಗಂಡ ಶಿವಮಲ್ಲು ಆ ಬ್ಯಾಂಡಿನಲ್ಲಿ ಬ್ಯಾಗ್‌ಪೈಪ್ ಊದುವವನು. ಈ ಸಲದ ಮೆರವಣಿಗೆಗೆ ಸ್ಕಾಟ್ಲೆಂಡಿನ ಬೆಟ್ಟಸೀಮೆಯ ಹಳೆಯ ದಿರಿಸೇ ಆಗಬೇಕೆಂದು ಮೇಷ್ಟ್ರ ಹಟ. ಹೊಲಿಗೆ ಗುರುಸಿದ್ದಮ್ಮನದು. ಅವಳಿಗೆ ತೋರಿಸಲು ದೊಡ್ಡದೊಂದು ಬಣ್ಣದ ಚಿತ್ರ ತಂದು ಗೋಡೆಗೆ ಒರಗಿಸಿದರು.

"ನೋಡಮ್ಮ, ಇನ್ನೂರೈವತ್ತು ವರ್ಷದ ಹಿಂದಿನ ದೊರೆ. ಲಂಗದ ನೆರಿಗೆ ಹಿಂಗೇ ಬೀಳಬೇಕು, ಸೊಂಟದ ಚೀಲ ಹಿಂಗೇ ತೂಗಬೇಕು. ಚಿತ್ರದಲ್ಲಿ ಇರೋದೆಲ್ಲ ಇರಬೇಕು." ಆಮೇಲೆ ಶಿವಮಲ್ಲುವಿನ ಕಡೆ ತಿರುಗಿದರು. "ಕೆಡಿಸ್ತಿರೋನು ನೀನೊಬ್ಬನೇ ಕಣಯ್ಯ. ಈ ಲಂಗ ಉಟ್ಟು, ಆ ಕೂದಲೂ ಬಿಟ್ಕೊಂಡು ನಿಂತ್ರೆ ಜನ ಗೌರಮ್ಮ ಬಂದ್ಲು ಅಂತಾರೆ. ಕತ್ತರಿಸ್ಕೊ. ಇಲ್ಲ, ಪೈಪು ಕೊಟ್ಬಿಡು."

ಭುಜಕ್ಕೆ ಇಳಿದಿದ್ದ ಆ ಕೂದಲು ಹರಕೆಯದು. ನೀಲು ಜ್ವರದಲ್ಲಿ ಕಣ್ಣೇ ಬಿಡದೆ ಮಲಗಿದ್ದಾಗ ಮಲೆಯ ಮಾದಪ್ಪನಿಗೆ ಹೊತ್ತದ್ದು. ದೀಪಾವಳಿಗೆ ಬೆಟ್ಟದಲ್ಲೇ ಕೊಡಬೇಕು. ಅದಕ್ಕೆ ಮುಂಚೆ ಕತ್ತರಿ ತಾಗುವಂತಿಲ್ಲ.

ಶಿವಮಲ್ಲು ಪೈಪನ್ನು ಎದೆಗವಚಿಕೊಂಡ. ಆಮೇಲೆ ಮೆಲ್ಲಗೆ ಮೇಷ್ಟ್ರ ಮುಂದಿಟ್ಟ. "ಕೂದ್ಲು ನಂದಲ್ಲ ಮೇಷ್ಟ್ರೇ. ಮಗೀನ ಜೀವಕ್ಕೆ ಹೊತ್ತಿದ್ದು."

ಎಲ್ಲರ ಕಣ್ಣೂ ಚಿತ್ರದ ನೆರಿಗೆಯ ಮೇಲೆ. ನಾನೋ ನೆಲದಲ್ಲಿ ಬಿದ್ದವಳು. ದೊರೆ ಅರ್ಧ ಬೆನ್ನು ತಿರುಗಿಸಿ ನಿಂತಿದ್ದ. ಅವನ ಕತ್ತಿನ ಹಿಂದೆ ನೋಡಿದೆ, ಮೈ ಝುಮ್ಮೆಂದಿತು. ನನ್ನನ್ನು ಎತ್ತಿಕೊಳ್ಳಲು ಬಗ್ಗಿದ ನೀಲುವೂ ಅದನ್ನೇ ನೋಡುತ್ತ ನಿಂತಳು.

"ಅವ್ವಾ..."

"ತಡಿಯೇ, ದೊಡ್ಡೋರು ಮಾತಾಡ್ತಾವ್ರೆ."

"ಮೇಷ್ಟ್ರೇ..."

"ಸುಮ್ನಿರು ಮರಿ."

ನನಗೀಗ ವಯಸ್ಸಾಗಿದೆ. ಅಂಚು ಬಿಚ್ಚಿ, ಬಣ್ಣ ಮಾಸಿ, ಪೈಪಿನ ಪೆಟ್ಟಿಗೆಯ ಮೂಲೆಯಲ್ಲಿ ಮಲಗಿದ್ದೇನೆ. ಆದರೆ ಆ ವರ್ಷದ ಮೆರವಣಿಗೆಯಲ್ಲಿ ಶಿವಮಲ್ಲುವಿನ ಕತ್ತಿನ ಮೇಲೆ ಕುಣಿಯುತ್ತ ಇಡೀ ಬೀದಿಯ ಚಪ್ಪಾಳೆ ಕೇಳಿದ್ದು ನಾನೇ! ದೀಪಾವಳಿಗೆ ಅವನ ಕೂದಲು ನೆಮ್ಮದಿಯಾಗಿ ಬೆಟ್ಟ ಸೇರಿತು. ಮುಂದಿನ ವರ್ಷ ಬ್ಯಾಂಡಿನವರೆಲ್ಲ ಕೂದಲು ಬೆಳೆಸಿದರು. ಬೋಳುತಲೆಯ ಮೇಷ್ಟ್ರಿಗೆ ಮಾತ್ರ ಆ ಭಾಗ್ಯ ಇರಲಿಲ್ಲ. ಇಷ್ಟಕ್ಕೂ ಕಾರಣ, ಮುಂದಿನ ಹಲ್ಲು ಬಿದ್ದ ಒಂದು ಪುಟ್ಟ ಬಾಯಿ.

ಅಂದು ಮೇಷ್ಟ್ರು ಪೈಪು ಎತ್ತಿಕೊಂಡು ಹೊಸ್ತಿಲ ತನಕ ಹೋಗಿದ್ದರು. ನೀಲು ಒಂದು ಕಡೆ ಜಡೆ, ಇನ್ನೊಂದು ಕಡೆ ಕೆದರಿದ ತಲೆಯಲ್ಲೇ ಚಿತ್ರದ ಹತ್ತಿರ ಓಡಿದಳು. ದೊರೆಯ ಕತ್ತಿನ ಪಕ್ಕಕ್ಕೆ ನನ್ನನ್ನು ಹಿಡಿದು, ಮನೆಯೆಲ್ಲ ಕೇಳುವಂತೆ ಕೇಳಿಯೇಬಿಟ್ಟಳು:

"ಈ ದೊರೇನೂ ಕೂದ್ಲಿಗೆ ಕಪ್ಪು ರಿಬ್ಬನ್ ಕಟ್ಕೊಂಡವ್ನಲ್ಲ ಮೇಷ್ಟ್ರೇ, ನಮ್ಮಪ್ಪಂಗೂ ಇದ್ನ ಕಟ್ಟುದ್ರೆ ಆಗಾಕಿಲ್ವಾ?"