ಮುಖ ಬೇಡವೆಂದ ಕಂಪ್ಯೂಟರ್

ಓಯ್ವನ ಕಂಪ್ಯೂಟರಿನಲ್ಲಿ ಧ್ವನಿ ಅಮೋಘವಾಗಿತ್ತು. ಅಡುಗೆಮನೆಯಲ್ಲಿ ಹೆಂಡತಿ ಹೆಲ್ಮಿ ಕಾಫಿ ಕಲಕುವ ಸದ್ದನ್ನೂ ಮೈಕು ಹಿಡಿಯುತ್ತಿತ್ತು. ಕರೆಗೆ ಬರಬೇಕಿದ್ದ ತಂಗಿ ವಿಯೆನೊಗೆ ಹುಟ್ಟಿನಿಂದಲೇ ಕಿವಿ ಕೇಳಿಸುತ್ತಿರಲಿಲ್ಲ, ಅಷ್ಟೇ.

ಅವಳೊಡನೆ ಮಾತೆಂದರೆ ಕೈಸನ್ನೆ. ಕೈ ಕಾಣಬೇಕಾದರೆ ಕ್ಯಾಮೆರಾ ಬೇಕು. ಹೊಸ ಕ್ಯಾಮೆರಾದ ತಂತಿಯನ್ನೇನೋ ಯುಎಸ್‌ಬಿ ಕಿಂಡಿಗೆ ಭದ್ರವಾಗಿ ಸಿಕ್ಕಿಸಿದ್ದ. ಪರದೆಯಲ್ಲಿ ಮಾತ್ರ ಅವರ ಊರು ತಾಂಪೆರೆಯ ಬಿಸಿಲು ಕಾಣದ ಡಿಸೆಂಬರಿನಷ್ಟೇ ಕತ್ತಲು.

ಕೆಲವು ವರ್ಷಗಳ ಹಿಂದೆ ವಿಯೆನೊ, ಎಲ್ಲರೂ ಬಳಸುವ ಕರೆಯ ಆ್ಯಪ್ ಹಾಕಿಕೋ ಎಂದು ಅಣ್ಣನನ್ನು ಕೇಳಿದ್ದಳು. ಯಾವ ಕಂಪನಿಯ ಹಿಡಿತವೂ ಇಲ್ಲದ ಸ್ವತಂತ್ರ ತಂತ್ರಾಂಶವನ್ನಷ್ಟೇ ಬಳಸುವ ಓಯ್ವ, ಬಳಕೆದಾರನ ಸ್ವಾತಂತ್ರ್ಯದ ಬಗ್ಗೆ ಒಂದು ಪ್ರಬಂಧವನ್ನೇ ಕಳಿಸಿದ. ಪ್ರಬಂಧ ಚೆನ್ನಾಗಿತ್ತು. ಅವಳು ಉತ್ತರಿಸಲಿಲ್ಲ. ನಿನ್ನೆ ಬಂದ ಸಂದೇಶ ಚಿಕ್ಕದು: "ನಾಳೆ ಎರಡಕ್ಕೆ. ನಿನ್ನ ಸ್ವತಂತ್ರ ಲಿಂಕನ್ನೇ ಕಳಿಸು, ಬರ್ತೀನಿ. ಮುಖ ಕಾಣದಿದ್ರೆ ಇನ್ಯಾವತ್ತೂ ಕರೆಯಲ್ಲ."

"ಏನಂತೆ ನಿನ್ನ ಪೆಂಗ್ವಿನ್?" ಹೆಲ್ಮಿ ಬಾಗಿಲಲ್ಲಿ ನಿಂತು ಕೇಳಿದಳು. ಅವನ ಸ್ವತಂತ್ರ ತಂತ್ರಾಂಶದ ಲಾಂಛನ ಪೆಂಗ್ವಿನ್.

"ಯೋಚಿಸ್ತಿದೆ."

"ನಾನು ಮದುವೆಯಾದಾಗಿಂದ ಅದು ಯೋಚಿಸ್ತಾನೇ ಇದೆ. ತಗೋ, ನನ್ನ ಫೋನು."

"ಆ ಬೇಹುಗಾರನ್ನ ಈ ಕೋಣೆಗೆ ತರಬೇಡ."

"ಬೇಹುಗಾರನಿಗಾದ್ರೂ ಕಣ್ಣಿದೆ, ಮಾರಾಯ."

ಓಯ್ವ ಕಿಂಡಿ ಬದಲಿಸಿದ. ಅನುಮತಿಗಳನ್ನು ತಿದ್ದಿದ. ಯುಎಸ್‌ಬಿ ಪಟ್ಟಿಯಲ್ಲಿ ಕ್ಯಾಮೆರಾದ ಹೆಸರು ಇತ್ತು. ಅತಿಥಿ ಬಂದದ್ದು ಯಂತ್ರಕ್ಕೆ ಗೊತ್ತು, ಒಳಗೆ ಕರೆಯುವ ಮನಸ್ಸಿಲ್ಲ. ಕೊನೆಗೆ ಅವನು ಬಳಕೆದಾರರ ಆನ್‌ಲೈನ್ ವೇದಿಕೆಗೆ ಹೋದ. ಹೊಸಬರನ್ನು ಗದರಿಸಿ ಗದರಿಸಿ ಅಲ್ಲಿ ಹಿರಿಯನಾದವನು ಅವನು. ಈಗ ಸುಳ್ಳು ಹೆಸರಿನಲ್ಲಿ ಪ್ರಶ್ನೆ ಹಾಕಿದ. ಯಾರೋ ಕೂಡಲೇ ಉತ್ತರಿಸಿದರು: "ಮೊದಲು ಇದನ್ನು ಓದಿ. ಓದದೆ ಕೇಳುವವರಿಗೆ ಇಲ್ಲಿ ಜಾಗವಿಲ್ಲ." ಕೆಳಗಿದ್ದ ಲಿಂಕು ಓಯ್ವನೇ ಬರೆದ ಪುಟದ್ದು.

ಓದಿದ. ನಿಜಕ್ಕೂ ಅವಮಾನಕರವಾಗಿತ್ತು. ಕೊನೆಯ ಸಾಲಿನಲ್ಲಿ ಉಪಕಾರವೂ ಇತ್ತು: ಯಂತ್ರದ ತಿರುಳಾದ ಕರ್ನಲ್ಲನ್ನು ನೀವೇ ಕಟ್ಟಿಕೊಂಡಿದ್ದರೆ, ಕ್ಯಾಮೆರಾ ನಡೆಸುವ ಡ್ರೈವರನ್ನು ಅದರಿಂದ ಕೈಬಿಟ್ಟಿಲ್ಲ ತಾನೇ?

ಬಿಟ್ಟಿದ್ದ. ವಿಯೆನೊ ಉತ್ತರಿಸದೆ ಹೋದ ಆ ಚಳಿಗಾಲದಲ್ಲೇ ಅವನು ಕರ್ನಲ್ಲನ್ನು ಕೈಯಾರೆ ಕಟ್ಟಿದ್ದ. ಬೇಡದ್ದನ್ನೆಲ್ಲ ಕಿತ್ತು, ಹಗುರ ಮಾಡಿ. ಮುಖ ನೋಡುವ ಭಾಗವನ್ನು ಎಲ್ಲಕ್ಕಿಂತ ಮೊದಲು ಕಿತ್ತಿದ್ದ. ಎಷ್ಟು ಹೆಮ್ಮೆಪಟ್ಟಿದ್ದನೆಂಬುದೂ ಈಗ ನೆನಪಾಯಿತು.

ಮತ್ತೆ ಕಟ್ಟಲು ಆಜ್ಞೆ ಕೊಟ್ಟ. ಹಳೆಯ ಯಂತ್ರ, ಸಂಜೆಯ ಹೊತ್ತಿಗೆ ಮುಗಿಸೀತು. ಎರಡಾಗಲು ಇನ್ನೇನು ಹೆಚ್ಚು ಹೊತ್ತಿರಲಿಲ್ಲ.

ಅಡುಗೆಮನೆಗೆ ಹೋಗಿ ಕೈ ಚಾಚಿದ. ಹೆಲ್ಮಿ ಫೋನನ್ನು ಅವನ ಅಂಗೈಯಲ್ಲಿಟ್ಟಳು. ಅವಳು ಏನಾದರೂ ಹೇಳಿದ್ದರೆ ಚೆನ್ನಾಗಿತ್ತು.

ಫೋನು ಹಿಡಿದರೆ ಸನ್ನೆಗೆ ಒಂದೇ ಕೈ. ಹಾಗಾಗಿ ಹೆಲ್ಮಿಯೇ ಹಿಡಿದು ನಿಂತಳು. ವಿಯೆನೊ ಮೂಡಿದಳು, ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅವಳ ಕೈಗಳು ಕೇಳಿದವು: "ಮುದುಕನಾಗಿದ್ದೀಯ. ಕಂಪ್ಯೂಟರ್ ಸರಿಹೋಯ್ತಾ?"

ಓಯ್ವ ಕೈಯೆತ್ತಿದ. ಹೇಳಬೇಕೆಂದುಕೊಂಡಿದ್ದ ಸನ್ನೆಗಳೆಲ್ಲ ಮರೆತುಹೋಗಿದ್ದವು. ಬೆರಳುಗಳು ಗಾಳಿಯಲ್ಲಿ ನಿಂತವು. ಆಮೇಲೆ ಅವು ತಾವಾಗಿಯೇ ಅವನ ಗಲ್ಲವನ್ನು ಎರಡು ಸಲ ತಟ್ಟಿದವು. ಅದು ಗುಳಿಗಲ್ಲದ ತಂಗಿಗೆ ಚಿಕ್ಕಂದಿನಲ್ಲಿ ಅವನೇ ಇಟ್ಟಿದ್ದ ಸನ್ನೆಯ ಹೆಸರು.

ವಿಯೆನೊ ತನ್ನ ಗಲ್ಲವನ್ನು ಎರಡು ಸಲ ತಟ್ಟಿಕೊಂಡಳು.

ಕೋಣೆಯಲ್ಲಿ ಕಂಪ್ಯೂಟರಿನ ಫ್ಯಾನು ಅರಚುತ್ತಿತ್ತು.

"ಬೇಗ ಮುಗಿಸಬೇಡ," ಎಂದಳು ಹೆಲ್ಮಿ ಕಂಪ್ಯೂಟರಿಗೆ, ಬೇಹುಗಾರ ಫೋನನ್ನು ಇನ್ನೊಂದು ಕೈಗೆ ಬದಲಿಸುತ್ತ.