ಜಗದಾಂಬಳ ಹೊಂಡ ಹಸಿರಾದದ್ದು

ಜಗದಾಂಬಳಿಗೆ ಪಾಚಿ ಕಂಡರೆ ಆಗದು. ಬಚ್ಚಲಲ್ಲಿ ಕಂಡರೂ ಉಜ್ಜುತ್ತಾಳೆ, ತೊಟ್ಟಿಯಲ್ಲಿ ಕಂಡರೂ ಉಜ್ಜುತ್ತಾಳೆ. ಅಂಜನಾಪುರದ ಕಾಲುವೆ ನೀರು ತುಂಬಿಸಿದ ಕೃಷಿಹೊಂಡವನ್ನೂ ಹಾಗೇ ಇಟ್ಟುಕೊಂಡಿದ್ದಳು. ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮಡಿಕೆಗಳೂ ಕಾಣುತ್ತಿದ್ದವು. ಹೋದ ವರ್ಷ ಊರಿನ ಮಹಿಳಾ ಸಂಘದ ಹೆಂಗಸರು ಸೇರಿ ಅದರಲ್ಲಿ ಮೀನುಮರಿ ಬಿಟ್ಟಿದ್ದರು. ಅಷ್ಟು ಚೊಕ್ಕ ನೀರಿನಲ್ಲೂ ಮರಿಗಳು ಸೊರಗಿ, ಹೊಟ್ಟಿನ ಹಾಗೆ ತೇಲಿ ಸತ್ತವು.

ಈ ವರ್ಷ ಮತ್ತೆ ಮರಿ ಬಿಟ್ಟಾಗಿದೆ. ಗಂಡ ಸಂಗಮೇಶ್ ದಡದಲ್ಲಿ ನಿಂತು ಹೇಳಿಬಿಟ್ಟ:

“ಈ ಸಲನೂ ಸತ್ತರೆ ಹೊಂಡ ಮುಚ್ಚಿಸಿ ಮೆಕ್ಕೆಜೋಳ ಹಾಕ್ತೀನಿ ನೋಡು. ಮೀನು ತಿನ್ನದ ಮನೇಲಿ ಮೀನು ಸಾಕೋದು! ನೆಂಟರು ನಗಾಕ್ ಹತ್ತ್ಯಾರೆ.”

“ನಗಲಿ ಬಿಡ್ರೀ. ಅವರಿಗೂ ಹೊತ್ತು ಹೋಗಬೇಕಲ್ಲ.”

ಬಾಯಲ್ಲಿ ಹಾಗಂದರೂ ಅವಳ ಕಣ್ಣು ನೀರಿನ ಮೇಲೇ ಇತ್ತು. ಮರಿಗಳು ಈಗಲೇ ಬಡಕಲಾಗಿದ್ದವು.

ಮರಿ ಸೊರಗುತ್ತಿವೆ ಎಂದು ಫೋನಿನಲ್ಲಿ ಕೇಳಿ ಆ ಭಾನುವಾರ ತ್ರಿವೇಣಿ ಬಂದಳು. ಶಿಕಾರಿಪುರದ ಕಾಲೇಜಿನಲ್ಲಿ ಜಗದಾಂಬಳ ಜೊತೆ ಓದಿದವಳು, ಈಗ ಸೊರಬದ ಕಡೆ ಮೀನುಮರಿ ಬೆಳೆಸಿ ಮಾರುತ್ತಾಳೆ. ಹೊಂಡ ನೋಡಿ ಹಣೆ ಚಚ್ಚಿಕೊಂಡಳು.

“ಎಂತ ಮಾರಾಯ್ತಿ ಇದು, ಕುಡಿಯೋ ನೀರಿನ ಹಾಗಿದೆ!”

“ಮತ್ತೆ, ಗಲೀಜಾಗಿರಬೇಕಾ?”

“ಗಲೀಜಲ್ಲ, ಹಸಿರಾಗಿರಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಇರ್ತದೆ. ಅದನ್ನ ನೀರಿನ ಸಣ್ಣ ಹುಳ ತಿಂತಾವೆ, ಆ ಹುಳನ ಮರಿ ತಿಂತಾವೆ. ನೀನು ಹಾಕೋ ಹಿಂಡಿ ನುಂಗೋಕೆ ಇವಕ್ಕೆ ಬಾಯಿ ಎಲ್ಲಿದೆ? ಹಸುಗೂಸಿಗೆ ರೊಟ್ಟಿ ಕೊಟ್ಟ ಹಾಗಾಯ್ತು.”

“ಆ ಪಾಚಿ ಎಲ್ಲಿ ಸಿಗ್ತದೆ?”

“ನಾವೇ ಬೆಳೆಸೋದು. ಬೀಜಕ್ಕೆ ನಮ್ಮ ಹೊಂಡದ ಹಸಿರು ನೀರು ತಂದಿದ್ದೇನೆ. ಗೊಬ್ಬರಕ್ಕೆ ಅನಾನಸ್ ಸಿಪ್ಪೆ ಸಾಕು.”

ಸಂಗಮೇಶ್ ನಕ್ಕ. “ಅಷ್ಟೇನಾ? ರಾಜುನ ಜ್ಯೂಸ್ ಅಂಗಡಿ ಮುಂದೆ ರಾಶಿ ಬಿದ್ದೈತೆ. ತಂದು ಹೊಂಡಕ್ಕೆ ಸುರಿದರಾಯ್ತು.”

“ಬೇಡಿ ಭಾವ! ಸಿಪ್ಪೆ ನೀರಲ್ಲಿ ಕೊಳೆತರೆ ಮೀನಿಗೆ ಉಸಿರು ಸಿಗೋದಿಲ್ಲ. ಬೆಳಗಾಗೋದರೊಳಗೆ ಮೇಲೆ ಬಂದು ಬಾಯಿ ಬಾಯಿ ಬಿಡ್ತಾವೆ.”

ತ್ರಿವೇಣಿ ಮಾಡಿ ತೋರಿಸಿದಳು. ಹಸಿ ಸಿಪ್ಪೆ ಹೆಚ್ಚಿ, ನೀರಲ್ಲಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿದಳು. ಒಂದು ಡ್ರಮ್ ನೀರಿಗೆ ಒಂದೇ ಚೊಂಬು ಸಿಪ್ಪೆರಸ, ಹುಳಿ ಮುರಿಯಲು ಚಿಟಿಕೆ ಸುಣ್ಣ, ಮೇಲೆ ಒಂದು ಬಕೆಟ್ ಹಸಿರು ನೀರು. ಬಿಸಿಲಲ್ಲಿಟ್ಟು ಆಗಾಗ ಕದಡುತ್ತಿರಬೇಕು ಎಂದಳು. ಡ್ರಮ್ ತಂದುಕೊಟ್ಟವನು ಸಂಗಮೇಶ್.

ವಾರ ಕಳೆಯಿತು. ಡ್ರಮ್ಮಿನ ನೀರು ಹಸಿರಾಗುವುದಿರಲಿ, ಹಾಕಿದ ಹಸಿರೂ ಕಂದಿ ತಳ ಸೇರಿತು.

“ಎಲ್ಲೈತೆ ನಿನ್ನ ಗೆಳತಿ ಬೆಳೆ?” ಸಂಗಮೇಶ್ ಕಿಚಾಯಿಸಿದ. “ಸುರಿದುಬಿಡು ಹೊಂಡಕ್ಕೆ, ಆದದ್ದಾಗಲಿ.”

ಜಗದಾಂಬ ಡ್ರಮ್ಮಿನಿಂದ ಒಂದು ಬಕೆಟ್ ನೀರು ತುಂಬಿ ಎತ್ತಿದಳು. ಹಾಕಿದ ಹಸಿರೇ ಉಳಿಯದ ನೀರಲ್ಲಿ ಮರಿ ಉಳಿದಾವೇ ಎಂದು ಅನುಮಾನ ಬಂತು. ಮೊದಲು ನಾಲ್ಕು ಮರಿ ಹಿಡಿದು ಆ ಬಕೆಟ್ಟಿಗೇ ಬಿಟ್ಟಳು. ಮಧ್ಯಾಹ್ನದ ಊಟ ಮುಗಿಸಿ ಬಂದು ನೋಡಿದರೆ ನಾಲ್ಕೂ ಹೊಟ್ಟೆ ಮೇಲೆ ಮಾಡಿದ್ದವು.

ಡ್ರಮ್ಮಿನೊಳಗೆ ಬಗ್ಗಿ ನೋಡಿದಳು. ಬಾಯಿಯ ಅಂಚಿನ ಕೆಳಗೆ ತಿಳಿನೀಲಿ ಕರೆ.

“ರೀ, ಇದು ಯಾವ ಡ್ರಮ್ಮು?”

“ಅಡಿಕೆಗೆ ಹೊಡೆಯೋ ಮೈಲುತುತ್ತ ಕಲಸಿದ್ದು. ಚೆನ್ನಾಗಿ ತೊಳೆದೀನಲ್ಲೇ!”

ತ್ರಿವೇಣಿಗೆ ಫೋನ್ ಹಚ್ಚಿದಳು.

“ಅಯ್ಯೋ, ಮೈಲುತುತ್ತ ಪಾಚಿಗೂ ವಿಷ, ಮರಿಗೂ ವಿಷ! ಎಷ್ಟು ತೊಳೆದರೂ ಆ ಡ್ರಮ್ ಬೇಡ. ಹೊಂಡಕ್ಕೆ ಹೊಯ್ದಿಲ್ಲ ತಾನೆ?”

“ಇಲ್ಲ. ಅನುಮಾನ ಬಂತು.”

“ನಿನ್ನ ಅನುಮಾನಕ್ಕೆ ಕಾಲೇಜಲ್ಲಿ ಎಷ್ಟು ನಗ್ತಿದ್ದೆವು! ಇವತ್ತು ಮರಿಗಳನ್ನ ಉಳಿಸಿದ್ದು ಅದೇ ನೋಡು.”

ಸಂಗಮೇಶ್ ಮರುದಿನ ಶಿಕಾರಿಪುರದಿಂದ ಬೈಕಿನ ಹಿಂದೆ ಹೊಸ ಡ್ರಮ್ ಕಟ್ಟಿಕೊಂಡು ಬಂದ, ಹ್ಯಾಂಡಲಿಗೆ ಸಿಪ್ಪೆಯ ಚೀಲ. ಜಗದಾಂಬ ಸೊರಬಕ್ಕೆ ಹೋಗಿ ಮತ್ತೆ ಹಸಿರು ನೀರು ತಂದಳು. ಕದಡುವ ಕೋಲನ್ನು ಅವನು ಯಾರಿಗೂ ಕೊಡಲಿಲ್ಲ. ಈ ಸಲ ನೀರು ಭತ್ತದ ಸಸಿಮಡಿಯ ಬಣ್ಣಕ್ಕೆ ತಿರುಗಿತು. ಬಿಸಿಲೇರಿದ ಮೇಲೆ ದಿನಕ್ಕಿಷ್ಟು ಎಂದು ಹೊಂಡಕ್ಕೆ ಬಿಟ್ಟರು.

ಈಗ ಜಗದಾಂಬ ಹೊಂಡದ ನೀರಿಗೆ ಮೊಣಕೈವರೆಗೆ ತೋಳು ಇಳಿಸಿ ನೋಡುತ್ತಾಳೆ. ಅಷ್ಟು ಆಳದಲ್ಲಿ ಅಂಗೈ ಮಸುಕಾದರೆ ಹಸಿರು ಸರಿಯಾಗಿದೆ. ಮಣಿಕಟ್ಟು ಮುಳುಗುತ್ತಲೇ ಮಾಯವಾದರೆ ಹೆಚ್ಚಾಯಿತು, ಡ್ರಮ್ ನೀರು ನಿಲ್ಲಿಸಬೇಕು.

ಮೊನ್ನೆ ಸಂಗಮೇಶನೂ ಕೈ ಇಳಿಸಿದ. ಮೈ ತುಂಬಿಕೊಂಡ ಮರಿಗಳು ಮುತ್ತಿಕೊಂಡವು.

“ಲೇ, ಬೆರಳು ಚೀಪ್ತಾವಲ್ಲೇ ಇವು!”

“ಮೆಕ್ಕೆಜೋಳದ ಬೀಜ ಯಾವಾಗ ತರ್ತೀರಿ?”

“ಸುಮ್ನಿರು, ಮರಿ ಕೇಳಿಸ್ಕೊಂಡಾವು.”

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊಂಡದ ನೀರು ಕನ್ನಡಿಯಂತಿದ್ದರೆ ಹಿಗ್ಗಬೇಡಿ, ಮರಿಗಳು ಹಸಿದಿರಬಹುದು. ಜ್ಯೂಸ್ ಅಂಗಡಿಯ ಅನಾನಸ್ ಸಿಪ್ಪೆ ತಿಪ್ಪೆಗೆ ಹೋಗುವ ಮೊದಲು ಕೇಳಿ ತನ್ನಿ. ನಿಮ್ಮ ಹೊಂಡಕ್ಕೆ ಹಸಿರು ನೀರು ಎಷ್ಟು ಬೇಕೆಂದು ಮೀನುಗಾರಿಕೆ ಇಲಾಖೆಯವರನ್ನು ವಿಚಾರಿಸಿ. ಮೊದಲು ಒಂದೇ ಡ್ರಮ್ಮಿನಲ್ಲಿ ಮಾಡಿ ನೋಡಿ. ಆದರೆ ನೀರು ತುಂಬುವ ಮುಂಚೆ ಆ ಡ್ರಮ್ಮಿನೊಳಗೆ ಒಮ್ಮೆ ಬಗ್ಗಿ ನೋಡುವುದನ್ನು ಮಾತ್ರ ಮರೆಯಬೇಡಿ.